ಡಿವೋರ್ಸಿಗೆ ಕೈ ಹಾಕೋ ಮುಂಚೆ: ಮದುವೆ, ಆಸ್ತಿ, ಮಗು, ಮೂರಕ್ಕೂ ಬೇರೆ ಬೇರೆ ಲೆಕ್ಕ

ನಮ್ಮಕ್ಕನ ಡಿವೋರ್ಸ್ ಮೊದಲು ಆಗಿದ್ದು ಮಂಡ್ಯ ತಾಲ್ಲೂಕಿನ ಒಂದು ಊರಿನ ಅರಳಿಕಟ್ಟೆ ಮೇಲೆ. ಎರಡೂ ಕಡೆಯ ದೊಡ್ಡವರು ಕೂತರು, ಬೈದಾಡಿದರು, ಕಾಫಿ ಕುಡಿದರು, ಕೊನೆಗೆ ನೂರು ರೂಪಾಯಿ ಛಾಪಾ ಕಾಗದದಲ್ಲಿ ‘ಇನ್ನು ಮುಂದೆ ನಮಗೂ ನಿಮಗೂ ಸಂಬಂಧವಿಲ್ಲ’ ಅಂತ ಬರೆಸಿ ಐದು ಜನರ ಸಾಕ್ಷಿ ಹಾಕಿಸಿದರು. ಅಲ್ಲಿಗೆ ಮುಗೀತು ಅಂದುಕೊಂಡು ಅಕ್ಕನನ್ನೂ ಅವಳ ಮಗನನ್ನೂ ಮೈಸೂರಿಗೆ ಕರೆದುಕೊಂಡು ಬಂದೆವು. ಎರಡು ವರ್ಷ ಆದ ಮೇಲೆ ವಕೀಲರೊಬ್ಬರು ಆ ಕಾಗದವನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಇದನ್ನ ಜೋಪಾನವಾಗಿ ಇಟ್ಕೊಳ್ಳಿ, ಯಾವತ್ತಿಂದ ಬೇರೆ ಇದೀರ ಅನ್ನೋದಕ್ಕೆ ಸಾಕ್ಷಿ ಆಗುತ್ತೆ. ಆದ್ರೆ ನಿಮ್ಮಕ್ಕ ಇವತ್ತಿಗೂ ಅವರ ಹೆಂಡ್ತೀನೇ’ ಅಂದರು.

ನಾನು ವಕೀಲನಲ್ಲ. ಡೇಟ್ ಇದ್ದ ದಿನ ಅಕ್ಕನ ಜೊತೆ ಬಸ್ಸು ಹತ್ತಿ, ಕೋರ್ಟ್ ಹಾಲ್ ಹೊರಗಿನ ಬೆಂಚಿನ ಮೇಲೆ ಕೂತು, ಕಂಡವರನ್ನೆಲ್ಲ ಕೇಳಿ ಕೇಳಿ ಕಲಿತವನು. ಕಲಿತದ್ದರಲ್ಲಿ ಮುಖ್ಯವಾದದ್ದು ಇಷ್ಟು: ಮದುವೆ ಮುರಿಯೋದು ಒಂದು ಲೆಕ್ಕ, ಆಸ್ತಿ ಇನ್ನೊಂದು, ಮಗು ಮತ್ತೊಂದು. ಒಂದೊಂದಕ್ಕೂ ಬೇರೆ ಕಾನೂನು, ಎಷ್ಟೋ ಸಲ ಬೇರೆ ಕೋರ್ಟು. ಗಂಡನ ಮೇಲಿನ ಸಿಟ್ಟನ್ನ ಮಗುವಿನ ಕೇಸಲ್ಲಿ ತೀರಿಸೋಕೆ ಹೋದರೆ, ಜಮೀನಿನ ಆಸೆಯನ್ನ ಡಿವೋರ್ಸ್ ಅರ್ಜಿಯಲ್ಲಿ ತುರುಕಿದರೆ, ಮೂರೂ ಕೆಡುತ್ತವೆ. ನಾವು ಕೆಡಿಸಿಕೊಂಡೆವು, ಆಮೇಲೆ ರಿಪೇರಿ ಮಾಡಿದೆವು.

ಮೊದಲು, ಊರ ಪಂಚಾಯ್ತಿ ಕಾಗದದ ವಿಷಯ

ನಮ್ಮ ಕಡೆ ಕೆಲವು ಸಮುದಾಯಗಳಲ್ಲಿ ಬಿಡುಗಡೆ, ಕೂಡಿಕೆ, ಅಂದರೆ ಹಿರಿಯರ ಎದುರಲ್ಲೇ ಮದುವೆ ಬಿಡಿಸೋ, ಮತ್ತೆ ಮದುವೆ ಮಾಡೋ ಪದ್ಧತಿ ಹಿಂದಿನಿಂದ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಅಂಥ ಪದ್ಧತಿಗೆ ಜಾಗವನ್ನೂ ಬಿಟ್ಟಿದೆ. ಆದರೆ ‘ನಮ್ಮಲ್ಲಿ ಹೀಗೆ ಬಿಡೋದು ರೂಢಿ’ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ. ಅದು ತಲೆಮಾರುಗಳಿಂದ ತಪ್ಪದೆ ನಡೆದು ಬಂದಿದೆ ಅಂತ ಕೋರ್ಟಿನಲ್ಲಿ ಸಾಕ್ಷಿ ಸಮೇತ ತೋರಿಸಬೇಕು. ಅದು ಬಹಳ ಕಷ್ಟ. ಛಾಪಾ ಕಾಗದ ನಂಬಿಕೊಂಡು ಯಾರಾದರೂ ಇನ್ನೊಂದು ಮದುವೆಯಾದರೆ ಆ ಎರಡನೇ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ, ಮೇಲಾಗಿ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಕೆಳಗೆ 7 ವರ್ಷದ ತನಕ ಶಿಕ್ಷೆ ಆಗಬಹುದಾದ ಅಪರಾಧ. ನೋಟರಿ ಸೀಲ್ ಇದ್ದರೂ ಅಷ್ಟೇ. ನೋಟರಿ ಡಿವೋರ್ಸ್ ಕೊಡೋಕೆ ಆಗಲ್ಲ.

ಪಂಚಾಯ್ತಿ ಕೂರಬೇಡಿ ಅಂತ ಹೇಳುತ್ತಿಲ್ಲ. ಕೂತು ಮಾತಾಡಿ, ಒಡವೆ ಎಷ್ಟು, ಮಗು ಎಲ್ಲಿ ಅಂತ ತೀರ್ಮಾನ ಮಾಡಿಕೊಳ್ಳಿ. ಆ ಕಾಗದ ಹಿಡಿದುಕೊಂಡು ಕೋರ್ಟಿಗೆ ಹೋಗಿ.

ಯಾವ ಕಾನೂನು, ಯಾವ ಕೋರ್ಟು

ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೆ 1955ರ ಕಾಯ್ದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಮುಸ್ಲಿಂ ಹೆಂಗಸರು ಖುಲಾ, ಅಂದರೆ ತಾವೇ ಕೇಳಿ ಬಿಡುಗಡೆ ಪಡೆಯಬಹುದು, ಇಲ್ಲವೇ 1939ರ ಕಾಯ್ದೆ ಕೆಳಗೆ ಕೋರ್ಟಿಗೆ ಹೋಗಬಹುದು. ಒಂದೇ ಸಲಕ್ಕೆ ಮೂರು ತಲಾಖ್ ಹೇಳೋದು 2019ರಿಂದ ಅಪರಾಧ. ಜಾತಿ ಧರ್ಮ ನೋಡದೆ ವಿಶೇಷ ವಿವಾಹ ಕಾಯ್ದೆ ಕೆಳಗೆ ಮದುವೆಯಾದವರಿಗೆ 1954ರ ಕಾನೂನು. ಒಂದು ಗೊಂದಲ ಜಾಸ್ತಿ ಜನಕ್ಕೆ ಇದೆ: ಛತ್ರದಲ್ಲಿ ಧಾರೆ ಎರೆಸಿಕೊಂಡು ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿದ್ದರೆ ಅದು ಈ 1954ರ ‘ರಿಜಿಸ್ಟರ್ ಮ್ಯಾರೇಜ್’ ಕಾನೂನಿಗೆ ಬರಲ್ಲ, ಹಿಂದೂ ವಿವಾಹ ಕಾಯ್ದೆಗೇ ಬರುತ್ತದೆ. ಮುಂದೆ ನಾನು ಹೇಳೋದು ಬಹುಪಾಲು ಅದರ ಲೆಕ್ಕದಲ್ಲೇ.

ಅರ್ಜಿ ಎಲ್ಲಿ ಹಾಕಬೇಕು? ಮದುವೆ ನಡೆದ ಊರು, ಕೊನೆಯದಾಗಿ ಇಬ್ಬರೂ ಒಟ್ಟಿಗೆ ಬಾಳಿದ ಊರು, ಎದುರು ಪಾರ್ಟಿ ಈಗ ಇರೋ ಊರು, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಅರ್ಜಿ ಹಾಕೋದು ಹೆಂಡತಿಯಾದರೆ ಅವಳು ಈಗ ಇರೋ ಜಾಗದಲ್ಲೂ ಹಾಕಬಹುದು, 2003ರಲ್ಲಿ ಸೇರಿಸಿದ ಅನುಕೂಲ ಇದು. ಮೈಸೂರು, ಮಂಡ್ಯ ಎರಡೂ ಕಡೆ ಕೌಟುಂಬಿಕ ನ್ಯಾಯಾಲಯ ಇದೆ. ಮದ್ದೂರು, ಶ್ರೀರಂಗಪಟ್ಟಣದಂಥ ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲೂ ಇಂಥ ಕೇಸು ನಡೆಯುತ್ತವೆ.

ಅಕ್ಕ ಮೈಸೂರಲ್ಲೇ ಇದ್ದಳು, ಮನೆ ಹತ್ತಿರದ ಕೋರ್ಟಿನಲ್ಲೇ ಹಾಕಿ ಅಂತ ವಕೀಲರು ಹೇಳಿಯೂ ಇದ್ದರು. ನಾವೇ ‘ಅವರ ಊರಲ್ಲೇ ಬುದ್ಧಿ ಕಲಿಸೋಣ’ ಅಂತ ಹಟ ಹಿಡಿದು ಮಂಡ್ಯದಲ್ಲಿ ಹಾಕಿಸಿದೆವು. ಬುದ್ಧಿ ಕಲಿತವರು ನಾವು. ಪ್ರತಿ ಡೇಟಿಗೂ ಹೋಗಿ ಬರೋಕೆ ತೊಂಬತ್ತು ಕಿಲೋಮೀಟರ್, ಕೇಸ್ ಕರೆದ ಎರಡೇ ನಿಮಿಷಕ್ಕೆ ಮುಂದಿನ ಡೇಟು.

ಇನ್ನೊಂದು. ನೋಟಿಸ್ ಬಂದರೆ ತಗೊಳ್ಳಿ. ಪೋಸ್ಟ್‌ಮ್ಯಾನ್ ಬಂದಾಗ ‘ಮನೇಲಿಲ್ಲ ಅಂತ ಬರ್ಕೊಳ್ಳಿ’ ಅನ್ನೋದು, ಬೇಡ ಅಂತ ವಾಪಸ್ ಕಳಿಸೋದು ನಮ್ಮ ಕಡೆ ದೊಡ್ಡ ಜಾಣತನ ಅಂತ ಲೆಕ್ಕ. ಬೇಡ ಅಂದ ನೋಟಿಸನ್ನ ತಲುಪಿದೆ ಅಂತಲೇ ಕೋರ್ಟು ತಿಳಿಯುತ್ತದೆ, ನಿಮ್ಮ ಮಾತು ಕೇಳದೆಯೇ ಎಕ್ಸ್‌ಪಾರ್ಟಿ ಮಾಡಿ ಡಿಕ್ರಿ, ಅಂದರೆ ತೀರ್ಪಿನ ಆದೇಶ ಕೊಡುತ್ತದೆ. ಅದನ್ನ ತೆಗೆಸೋಕೆ ಆಮೇಲೆ ಇನ್ನೊಂದು ಅರ್ಜಿ, ಇನ್ನೊಂದಿಷ್ಟು ದುಡ್ಡು.

ಕಾಗದ ಪತ್ರ ಕೂಡಿಡೋದು

ಮನಸ್ಸು ಒಡೆದ ದಿನದಿಂದಲೇ ಇದನ್ನ ಶುರು ಮಾಡಿ, ಕೇಸ್ ಹಾಕಲಿ ಬಿಡಲಿ. ಮದುವೆ ಪತ್ರಿಕೆ, ಛತ್ರದ ರಸೀದಿ, ನೋಂದಣಿ ಪತ್ರ ಇದ್ದರೆ ಅದು, ಮಗುವಿನ ಜನನ ಪತ್ರ, ಸ್ಕೂಲ್ ಫೀಸ್ ಕಟ್ಟಿದ ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟು. ಒಡವೆ ಬಿಲ್ಲು ಇಲ್ಲ ಅಂತ ಎಲ್ಲರೂ ಕೈ ಚೆಲ್ಲುತ್ತಾರೆ, ಆದರೆ ಮದುವೆ ಆಲ್ಬಂ ಇದೆಯಲ್ಲ! ಯಾವ ಸರ, ಯಾವ ಬಳೆ, ಯಾರು ಹಾಕಿದ್ದು, ಎಲ್ಲ ಫೋಟೋದಲ್ಲಿ ಕೂತಿರುತ್ತದೆ. ನಮ್ಮಕ್ಕನ ಅವಲಕ್ಕಿ ಸರ ಇತ್ತು ಅಂತ ಒಪ್ಪಿಸಿದ್ದು ಆ ಆಲ್ಬಮ್ಮಿನ ನಾಲ್ಕನೇ ಪುಟ. ಗಿರವಿ ಇಟ್ಟ ಚೀಟಿ ಇದ್ದರೆ ಅದರ ಫೋಟೋ ತೆಗೆದಿಡಿ.

ಜಮೀನಿದ್ದರೆ ಪಹಣಿ ಆನ್‌ಲೈನಲ್ಲಿ ಭೂಮಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತೆಗೆಯಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಸೈಟು, ಮನೆಯಾದರೆ ಕಾವೇರಿ ವೆಬ್‌ಸೈಟಿನಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ಹಾಕಿಸಿ. ಯಾರ ಹೆಸರಿಂದ ಯಾರ ಹೆಸರಿಗೆ, ಯಾವಾಗ ಹೋಯಿತು ಅಂತ ಅದರಲ್ಲಿ ಬರುತ್ತದೆ.

ವಾಟ್ಸಾಪ್ ಅಳಿಸಬೇಡಿ. ಫೋನ್ ಬದಲಾಯಿಸಿದರೂ ಹಳೇ ಫೋನ್ ಇಟ್ಟುಕೊಳ್ಳಿ. ಪ್ರಿಂಟ್ ತೆಗೆದುಕೊಟ್ಟರೆ ಸಾಲದು, ಅದರ ಜೊತೆ ಒಂದು ಪ್ರಮಾಣಪತ್ರವೂ ಕೊಡಬೇಕು, ವಕೀಲರು ಬರೆಸಿಕೊಡುತ್ತಾರೆ. ಗಂಡ ಹೆಂಡತಿ ನಡುವಿನ ಫೋನ್ ರೆಕಾರ್ಡಿಂಗನ್ನ ವಿಚ್ಛೇದನದ ಕೇಸಲ್ಲಿ ಸಾಕ್ಷಿಯಾಗಿ ತಗೋಬಹುದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅದನ್ನ ಓದಿ ಹಾಸಿಗೆ ಕೆಳಗೆ ಮೈಕ್ ಇಡೋಕೆ ಹೋಗಬೇಡಿ. ನೀವು ಮಾತಾಡಿದ್ದೂ ಅದರಲ್ಲೇ ಇರುತ್ತದೆ ಅಲ್ವಾ.

ಮ್ಯೂಚುವಲ್ಲೋ, ಕಂಟೆಸ್ಟೋ

ಮದುವೆಯಾಗಿ ಒಂದು ವರ್ಷ ಆಗೋವರೆಗೆ ಡಿವೋರ್ಸ್ ಅರ್ಜಿ ಹಾಕೋಕೆ ಬರಲ್ಲ, ತೀರಾ ಸಹಿಸಲಾರದ ಕಷ್ಟ ಇದ್ದರೆ ಮಾತ್ರ ಕೋರ್ಟಿನ ಅನುಮತಿ ಕೇಳಬಹುದು.

ಇಬ್ಬರಿಗೂ ಒಪ್ಪಿಗೆ ಇದ್ದರೆ ಸೆಕ್ಷನ್ 13ಬಿ. ಕೋರ್ಟ್ ಆವರಣದಲ್ಲಿ ಎಲ್ಲರೂ ‘ಮ್ಯೂಚುವಲ್’ ಅಂತಾರೆ. ಕನಿಷ್ಠ ಒಂದು ವರ್ಷ ಬೇರೆ ಬೇರೆ ಬಾಳಿರಬೇಕು. ಒಂದೇ ಮನೆಯಲ್ಲಿದ್ದು ಗಂಡ ಹೆಂಡತಿಯಾಗಿ ಬಾಳದೆ ಇದ್ದರೂ ಅದು ಬೇರೆ ಇದ್ದ ಹಾಗೇ. ಇಬ್ಬರೂ ಸೇರಿ ಒಂದು ಅರ್ಜಿ ಹಾಕುತ್ತೀರಿ, ಆಮೇಲೆ 6 ತಿಂಗಳು ಕಾಯಬೇಕು, 18 ತಿಂಗಳ ಒಳಗೆ ಎರಡನೇ ಸಲ ಬಂದು ‘ಹೌದು, ಮನಸ್ಸು ಬದಲಾಗಿಲ್ಲ’ ಅನ್ನಬೇಕು. ಆ 6 ತಿಂಗಳನ್ನ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆಯಾಗಿ ಒಂದೂವರೆ ವರ್ಷಕ್ಕಿಂತ ಜಾಸ್ತಿ ಆಗಿದ್ದರೆ, ರಾಜಿ ಪ್ರಯತ್ನ ಸೋತಿದ್ದರೆ, ದುಡ್ಡು ಮತ್ತು ಮಗುವಿನ ವಿಷಯ ತೀರ್ಮಾನವಾಗಿದ್ದರೆ ಆ ಅರ್ಜಿ ಹಾಕಿ. ಕೊಡೋದು ಬಿಡೋದು ಜಡ್ಜ್ ಕೈಯಲ್ಲಿ.

ಒಂದು ಹುಷಾರು. ಕೊನೇ ಡಿಕ್ರಿ ಆಗೋ ತನಕ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೋಬಹುದು. ಅದಕ್ಕೇ ಒಪ್ಪಿದ ದುಡ್ಡನ್ನ ಮೊದಲ ದಿನವೇ ಪೂರ್ತಿ ಕೊಡಬೇಡಿ, ಕೊನೇ ದಿನ ಕೊಡ್ತೀನಿ ಅನ್ನೋ ಬಾಯಿಮಾತನ್ನೂ ನಂಬಬೇಡಿ. ಒಂದು ಭಾಗ ಮೊದಲ ಅರ್ಜಿ ದಿನ, ಉಳಿದದ್ದು ಡಿಕ್ರಿ ದಿನ ಜಡ್ಜ್ ಎದುರಿಗೆ ಡಿ.ಡಿ.ಯಲ್ಲಿ. ಹೀಗೆ ಅರ್ಜಿಯಲ್ಲೇ ಬರೆಸಿ.

ಒಬ್ಬರು ಒಪ್ಪದಿದ್ದರೆ ಕಂಟೆಸ್ಟ್. ಸುಮ್ನೆ ‘ಹೊಂದಾಣಿಕೆ ಇಲ್ಲ’ ಅಂದರೆ ಸಾಲದು. ಕ್ರೌರ್ಯ, ಎರಡು ವರ್ಷ ಬಿಟ್ಟು ಹೋಗಿರೋದು, ಬೇರೆಯವರ ಸಹವಾಸ, ಮತಾಂತರ, ವಾಸಿಯಾಗದ ತೀವ್ರ ಮಾನಸಿಕ ಕಾಯಿಲೆ, ಏಳು ವರ್ಷ ಬದುಕಿರೋ ಸುದ್ದಿಯೇ ಇಲ್ಲದಿರೋದು, ಇಂಥ ಕಾರಣ ಬೇಕು, ಅದಕ್ಕೆ ಸಾಕ್ಷಿ ಬೇಕು. ಮಾತಲ್ಲಿ, ನಡೆಯಲ್ಲಿ ಹಿಂಸೆ ಕೊಡೋದೂ ಕ್ರೌರ್ಯವೇ, ಹೊಡೆದಿರಲೇಬೇಕು ಅಂತಿಲ್ಲ. ‘ಮದುವೆ ಪೂರ್ತಿ ಮುರಿದು ಬಿದ್ದಿದೆ’ ಅನ್ನೋ ಒಂದೇ ಕಾರಣಕ್ಕೆ ಡಿವೋರ್ಸ್ ಕೊಡೋ ಅಧಿಕಾರ ತನಗಿದೆ ಅಂತ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ಅದು ಸುಪ್ರೀಂ ಕೋರ್ಟಿಗೆ ಮಾತ್ರ. ಮಂಡ್ಯದ ಜಡ್ಜ್ ಹತ್ತಿರ ಹೋಗಿ ಆ ತೀರ್ಪು ತೋರಿಸಿದರೆ ಕೆಲಸ ಆಗಲ್ಲ.

ಯಾವ ದಾರಿಯಲ್ಲಿ ಹೋದರೂ ಮಧ್ಯೆ ಮೀಡಿಯೇಷನ್, ಅಂದರೆ ಮಧ್ಯಸ್ಥರ ಎದುರು ಕೂತು ರಾಜಿ ಮಾತುಕತೆ ಬರುತ್ತದೆ. ಇದನ್ನ ಹಗುರವಾಗಿ ತಗೋಬೇಡಿ. ಕೋರ್ಟ್ ಹಾಲಲ್ಲಿ ಎರಡು ನಿಮಿಷ ಸಿಗದವರಿಗೆ ಅಲ್ಲಿ ಎರಡು ಗಂಟೆ ಸಿಗುತ್ತದೆ, ಅಲ್ಲಿ ಆಡಿದ ಮಾತನ್ನ ಆಮೇಲೆ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸೋ ಹಾಗಿಲ್ಲ. ಲೋಕ ಅದಾಲತ್ ದಿನ ಜೋಡಿಗಳು ಮತ್ತೆ ಹಾರ ಹಾಕಿಕೊಂಡು ನಿಂತ ಫೋಟೋ ನಮ್ಮ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಮನಸ್ಸಿದ್ದು ಒಂದಾದರೆ ಒಳ್ಳೇದೇ. ಹೊಡೆತ ತಿಂದವಳನ್ನ ನಾಲ್ಕು ಜನರ ಎದುರು ‘ಹೋಗಮ್ಮ, ಎಲ್ಲ ಸರಿ ಹೋಗುತ್ತೆ’ ಅಂತ ಕಳಿಸಿದರೆ ಮಾತ್ರ ಆ ಹಾರ ಬಾಡೋ ಮುಂಚೆ ಅವಳು ವಾಪಸ್ ಬರುತ್ತಾಳೆ. ಇಷ್ಟವಿಲ್ಲದಿದ್ದರೆ ಇಲ್ಲ ಅನ್ನಿ. ಅದಾಲತ್‌ನಲ್ಲಿ ಸಹಿ ಹಾಕಿದ ರಾಜಿಗೆ ಅಪೀಲು ಇಲ್ಲ ಅನ್ನೋದೂ ನೆನಪಿರಲಿ.

ಜೀವನಾಂಶ

ಕೇಸ್ ಮುಗಿಯೋ ತನಕ ಊಟ, ಬಾಡಿಗೆ, ಸ್ಕೂಲ್ ಫೀಸಿಗೆ ಕಾಯೋಕೆ ಆಗುತ್ತಾ? ಡಿವೋರ್ಸ್ ಕೇಸಿನ ಒಳಗೇ 24ನೇ ಸೆಕ್ಷನ್ ಕೆಳಗೆ ಮಧ್ಯಂತರ ಜೀವನಾಂಶ ಕೇಳಬಹುದು, ಗಂಡನೂ ಕೇಳಬಹುದು. ಡಿವೋರ್ಸ್ ಬೇಡ, ಜೀವನಾಂಶ ಮಾತ್ರ ಬೇಕು ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಹಳೇ 125ನೇ ಸೆಕ್ಷನ್, ಅಂದರೆ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಇದೆ. ವಿಚ್ಛೇದಿತ ಹೆಂಡತಿಗೂ ಮರುಮದುವೆ ಆಗೋ ತನಕ ಇದು ಸಿಗುತ್ತದೆ.

ಎಷ್ಟು ಸಿಗುತ್ತದೆ? ‘ಸಂಬಳದ 25 ಪರ್ಸೆಂಟ್’ ಅಂತ ಟೀ ಅಂಗಡಿಯವನೂ ಹೇಳುತ್ತಾನೆ. ಅದು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಹುಟ್ಟಿದ ಮಾತು, ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ. 2020ರ ರಜನೇಶ್ ಮತ್ತು ನೇಹಾ ಕೇಸಿನ ತೀರ್ಪಿನ ಮೇಲೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲ ಬರೆದು ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ನೌಕರಿಯವನದಾದರೆ ಪೇ ಸ್ಲಿಪ್ ಮಾತಾಡುತ್ತದೆ. ನಮ್ಮ ಕಡೆ ಕಷ್ಟ ಇರೋದು ಬೇರೆ: ‘ನಾನು ಬಡ ರೈತ, ಮಳೆ ಇಲ್ಲ, ಬೆಳೆ ಇಲ್ಲ’ ಅಂತ ಕೈ ಕಟ್ಟಿ ನಿಲ್ಲುತ್ತಾರೆ. ನಮ್ಮ ಭಾವನೂ ನಿಂತರು. ಆಗ ಕೆಲಸಕ್ಕೆ ಬಂದದ್ದು ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದ ಬಿಲ್ಲು, ಹಾಲಿನ ಡೈರಿ ಪಾಸ್‌ಬುಕ್ಕು, ಪಹಣಿಯ ಬೆಳೆ ಕಾಲಂ. ಮೂರನ್ನೂ ಪಕ್ಕ ಪಕ್ಕ ಇಟ್ಟಾಗ ಬಡತನ ಸ್ವಲ್ಪ ಕಮ್ಮಿಯಾಯಿತು.

ಹಾಗಂತ ಹೆಂಡತಿ ಕಡೆಯವರೂ ಸುಳ್ಳು ಬರೆಯಬೇಡಿ. ಹೊಲಿಗೆ ಅಂಗಡಿಯ ದುಡಿಮೆ, ಟ್ಯೂಷನ್ ದುಡ್ಡು ಮುಚ್ಚಿಟ್ಟು ಸಿಕ್ಕಿಬಿದ್ದರೆ ಉಳಿದದ್ದನ್ನೂ ನಂಬಲ್ಲ. ದುಡಿಯೋ ಹೆಂಡತಿಗೂ, ಅವಳ ದುಡಿಮೆ ಸಾಲದಿದ್ದರೆ, ಜೀವನಾಂಶ ಸಿಗುತ್ತದೆ. ಆದೇಶ ಆದ ಮೇಲೂ ಕೊಡದಿದ್ದರೆ ಬಾಕಿ ವಸೂಲಿಗೆ ಅರ್ಜಿ ಹಾಕಿ, ವಾರಂಟ್ ಹೊರಡುತ್ತದೆ, ಜೈಲೂ ಆಗಬಹುದು. 144ರ ಕೆಳಗಿನ ಬಾಕಿಯನ್ನ ಒಂದು ವರ್ಷದ ಒಳಗೆ ಕೇಳಬೇಕು. ಬರುತ್ತೆ ಬಿಡು ಅಂತ ಕೂರಬೇಡಿ.

ಆಸ್ತಿ: ಅರ್ಧ ಅರ್ಧ ಅನ್ನೋದು ಇಲ್ಲ

ಸಿನಿಮಾ, ಅಮೆರಿಕದ ಸುದ್ದಿ ನೋಡಿ ಡಿವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಅಂತ ತುಂಬ ಜನ ನಂಬಿದ್ದಾರೆ. ನಮ್ಮ ಕಾನೂನಲ್ಲಿ ಹಾಗಿಲ್ಲ. ಯಾರ ಹೆಸರಲ್ಲಿದೆಯೋ ಅವರದು. ಗಂಡನ ಸ್ವಂತ ಮನೆಯಲ್ಲಿ, ಅವನ ಪಿತ್ರಾರ್ಜಿತ ಜಮೀನಿನಲ್ಲಿ ಡಿವೋರ್ಸ್ ಆದ ಕಾರಣಕ್ಕೆ ಹೆಂಡತಿಗೆ ಭಾಗ ಬರಲ್ಲ. ಅವಳಿಗೆ ಬರೋದು ಜೀವನಾಂಶ, ಇಲ್ಲವೇ ಒಂದೇ ಸಲದ ಶಾಶ್ವತ ಜೀವನಾಂಶ. ಅದನ್ನ ಲೆಕ್ಕ ಹಾಕುವಾಗ ಕೋರ್ಟು ಗಂಡನ ಆಸ್ತಿಯನ್ನೂ ನೋಡುತ್ತದೆ, ಬೇಕಾದರೆ ಆ ಆಸ್ತಿಯ ಮೇಲೆ ಹೊರೆಯಾಗಿ ಹಾಕಲೂಬಹುದು.

ಅವಳದೇ ಆದದ್ದು ಏನು? ಸ್ತ್ರೀಧನ. ತವರಿನವರು ಕೊಟ್ಟದ್ದು, ಗಂಡನ ಕಡೆಯವರು ಅವಳಿಗೆ ಅಂತ ಹಾಕಿದ್ದು, ಮುಯ್ಯಿ ಬಂದದ್ದರಲ್ಲಿ ಅವಳಿಗೆ ಕೊಟ್ಟದ್ದು, ಅವಳ ಸಂಬಳ. ಅತ್ತೆಯ ಬೀರುವಿನಲ್ಲಿ ಇದ್ದ ಮಾತ್ರಕ್ಕೆ ಅದು ಅತ್ತೆಯದಾಗಲ್ಲ. 1985ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಖಡಾಖಂಡಿತವಾಗಿ ಹೇಳಿದೆ, ವಾಪಸ್ ಕೊಡದೆ ಇಟ್ಟುಕೊಂಡರೆ ನಂಬಿಕೆ ದ್ರೋಹದ ಕೇಸಾಗುತ್ತದೆ. ಅಂದ ಹಾಗೆ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಅಂತಲೇ ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಒಂದು ಕಾಯ್ದೆ ಬಂದಿತ್ತು. ಆ ಊರಲ್ಲಿ ಕೂತು ಇವತ್ತಿಗೂ ಒಂದು ಜೊತೆ ಓಲೆಗೆ ಜಗಳ ಆಡುತ್ತಿದ್ದೇವೆ.

ಇಬ್ಬರ ಹೆಸರಲ್ಲೂ ಸೈಟು ಇದ್ದರೆ? ಪತ್ರದಲ್ಲಿ ಪಾಲು ಬರೆದಿದ್ದರೆ ಅದು, ಇಲ್ಲದಿದ್ದರೆ ಯಾರು ಎಷ್ಟು ಹಾಕಿದ್ದು ಅನ್ನೋ ಜಗಳ. ಹೆಸರು ಒಬ್ಬರದು, ದುಡ್ಡು ಇನ್ನೊಬ್ಬರದು ಅಂದಾಗ ಎಲ್ಲ ನಿಲ್ಲೋದು ಬ್ಯಾಂಕ್ ಸ್ಟೇಟ್‌ಮೆಂಟಿನ ಮೇಲೆ. ಕ್ಯಾಷ್ ಕೊಟ್ಟಿದ್ದೆ ಅಂದರೆ ಅದು ಗಾಳಿಗೆ ಹೇಳಿದ ಹಾಗೆ. ಗೃಹಸಾಲ ಇದ್ದರೆ ಇನ್ನೂ ಹುಷಾರು: ‘ಸಾಲ ಅವನೇ ಕಟ್ಟಬೇಕು’ ಅಂತ ರಾಜಿ ಪತ್ರದಲ್ಲಿ ಬರೆದರೂ ಬ್ಯಾಂಕಿಗೆ ಅದು ಸಂಬಂಧವಿಲ್ಲ, ಇಬ್ಬರೂ ಸಹಿ ಹಾಕಿದ್ದರೆ ಇಬ್ಬರನ್ನೂ ಹಿಡಿಯುತ್ತದೆ. ಮೊದಲು ಬ್ಯಾಂಕಿಗೆ ಹೋಗಿ ಹೆಸರು ತೆಗೆಸಿ. ಒಬ್ಬರ ಪಾಲನ್ನ ಇನ್ನೊಬ್ಬರಿಗೆ ಬರೆದುಕೊಡೋದು ತೀರ್ಮಾನವಾಗಿದ್ದರೆ ಡಿಕ್ರಿಗೆ ಮುಂಚೆ ದಾನಪತ್ರ ಮಾಡಿಸಬಹುದಾ ಅಂತ ಕೇಳಿ. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ತೀರಾ ಕಮ್ಮಿ. ಡಿವೋರ್ಸ್ ಆದ ಮೇಲೆ ನೀವು ಗಂಡ ಹೆಂಡತಿಯಲ್ಲವಲ್ಲ.

ಮನೆಯಿಂದ ಹೊರಗೆ ಹಾಕೋ ವಿಷಯ ಬೇರೆ. ಮನೆ ಹೆಂಡತಿಯ ಹೆಸರಲ್ಲಿ ಇಲ್ಲದಿದ್ದರೂ, ಮಾವನ ಹೆಸರಲ್ಲಿದ್ದರೂ, ಒಟ್ಟಿಗೆ ಬಾಳಿದ ಮನೆಯಲ್ಲಿ ಇರೋ ಹಕ್ಕನ್ನ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೆಳಗೆ ಕೇಳಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿದೆ. ಮಾಲೀಕತ್ವ ಬರಲ್ಲ, ಬೀದಿಗೆ ಬೀಳೋದು ತಪ್ಪುತ್ತದೆ. ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ, ಸಂರಕ್ಷಣಾಧಿಕಾರಿಯ ಕೆಲಸ ಅವರದೇ.

ಈಗ ಮಂಡ್ಯದ ಕಡೆಯವರಿಗೆ ನಿಜವಾಗಿ ಬೇಕಾದ ಮಾತು. ಹೆಂಡತಿಗೆ ಜಮೀನಿನಲ್ಲಿ ಭಾಗ ಇಲ್ಲ, ಸರಿ. ಮಗುವಿಗೆ ಇದೆ. ಜಮೀನು ಅವಿಭಕ್ತ ಕುಟುಂಬದ್ದಾಗಿದ್ದರೆ ಗಂಡು ಹೆಣ್ಣು ಭೇದವಿಲ್ಲದೆ ಮಗುವಿಗೆ ಹುಟ್ಟಿನಿಂದ ಹಕ್ಕು, ಅಪ್ಪ ಅಮ್ಮನ ಡಿವೋರ್ಸಿಗೂ ಅದಕ್ಕೂ ಸಂಬಂಧವಿಲ್ಲ. ಮಗು ಸಣ್ಣದಿದ್ದರೆ ಅದರ ಪರವಾಗಿ ತಾಯಿ ಸಿವಿಲ್ ಕೋರ್ಟಿನಲ್ಲಿ ಭಾಗಕ್ಕೆ ದಾವೆ ಹಾಕಬಹುದು, ಮಾರದಂತೆ ತಡೆಯಾಜ್ಞೆ ಕೇಳಬಹುದು. ಡಿವೋರ್ಸ್ ನೋಟಿಸ್ ಹೋದ ತಿಂಗಳೇ ಜಮೀನು ತಮ್ಮನ ಹೆಸರಿಗೆ ಹಾರೋದನ್ನ ನಮ್ಮ ಕಡೆ ಎಷ್ಟು ನೋಡಿಲ್ಲ! ಆದರೆ ಊರವರು ‘ಪಿತ್ರಾರ್ಜಿತ’ ಅಂದದ್ದೆಲ್ಲ ಕಾನೂನಿಗೆ ಪಿತ್ರಾರ್ಜಿತ ಆಗಲ್ಲ. ಅಜ್ಜ ತಾನೇ ದುಡಿದು ಕೊಂಡದ್ದಾದರೆ ಅದರಲ್ಲಿ ಮೊಮ್ಮಗುವಿಗೆ ಹುಟ್ಟಿನ ಹಕ್ಕಿಲ್ಲ. ಅದಕ್ಕೇ ಹಳೇ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ ದಾಖಲೆ), ಭಾಗಪತ್ರ ಎಲ್ಲ ತೆಗೆಸಿ ಸಿವಿಲ್ ಕೇಸು ಬಲ್ಲ ವಕೀಲರಿಗೆ ತೋರಿಸಿ.

ವಕೀಲರು ಇದನ್ನೆಲ್ಲ ವಿವರಿಸುವಾಗ ನಾನು ಹುರುಪಿನಿಂದ ತಲೆ ಆಡಿಸುತ್ತಿದ್ದೆ. ಆಮೇಲೆ ಅವರು ಅಕ್ಕನ ಕಡೆ ತಿರುಗಿ ‘ನಿಮ್ಮ ತಂದೆ ಮನೇಲಿ ನಿಮ್ಮ ಭಾಗ ತಗೊಂಡಿದೀರಾ?’ ಅಂದರು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ, ಆಗ ಅಪ್ಪ ಬದುಕಿರಲಿ ಇಲ್ಲದಿರಲಿ ಮಗಳಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿ ಆಯಿತು ಅಂತೆಲ್ಲ ಹೇಳುತ್ತಾ ಹೋದರು. ನನ್ನ ಮುಖ ಸಣ್ಣಗಾಗಿತ್ತು. ಮದುವೆಯಾದ ವರ್ಷವೇ ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋಣ ಅಂತ ಮನೆಯಲ್ಲಿ ಮಾತಾಡಿದವರಲ್ಲಿ ನಾನೂ ಒಬ್ಬ. ಪುಣ್ಯಕ್ಕೆ ಆಗಿರಲಿಲ್ಲ. ಹೆಣ್ಣುಮಕ್ಕಳೇ, ಗಂಡನ ಮನೆಯ ಪಹಣಿ ತೆಗೆಸೋ ದಿನವೇ ತವರಿನ ಪಹಣಿಯನ್ನೂ ತೆಗೆಸಿ.

ಮಗು ಯಾರ ಹತ್ತಿರ

ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ, 1956ರ ಹಿಂದೂ ಪಾಲಕತ್ವ ಕಾಯ್ದೆ ಹಾಗೆ ಹೇಳುತ್ತದೆ. ಅದಾದ ಮೇಲೆ ‘ಗಂಡು ಮಗು ಅಪ್ಪನಿಗೆ, ಹೆಣ್ಣು ಮಗು ಅಮ್ಮನಿಗೆ’ ಅನ್ನೋ ಊರಮಾತಿಗೆ ಆ ಕಾನೂನಲ್ಲಿ ಬೆಲೆ ಇಲ್ಲ. ಮುಸ್ಲಿಂ ಕಾನೂನಿನಲ್ಲಿ ವಯಸ್ಸಿನ ಲೆಕ್ಕ ಬೇರೆ ಇದೆ, ಆದರೂ ಕೋರ್ಟಿಗೆ ಬಂದಾಗ ಎಲ್ಲರಿಗೂ 1890ರ ಪಾಲಕರ ಕಾಯ್ದೆ. ನೋಡೋದು ಒಂದೇ: ಮಗುವಿಗೆ ಎಲ್ಲಿದ್ದರೆ ಒಳ್ಳೇದು. ಸಂಬಳ ಜಾಸ್ತಿ ಇದ್ದವರಿಗೆ ಮಗು ಅಂತಲ್ಲ. ಯಾರು ಸ್ಕೂಲಿಗೆ ಬಿಡುತ್ತಾರೆ, ಜ್ವರ ಬಂದಾಗ ಯಾರು ಎದ್ದಿರುತ್ತಾರೆ, ಸ್ಕೂಲ್ ಡೈರಿಗೆ ಸಹಿ ಯಾರದು, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಬುದ್ಧಿ ತಿಳಿದ ಮಗುವಾದರೆ ಜಡ್ಜ್ ಚೇಂಬರಿಗೆ ಕರೆದು ಮಾತಾಡಿಸುತ್ತಾರೆ. ಹೇಳಿಕೊಟ್ಟು ಕಳಿಸಬೇಡಿ, ಹೇಳಿಕೊಟ್ಟ ಮಾತು ಎರಡೇ ಪ್ರಶ್ನೆಗೆ ಗೊತ್ತಾಗುತ್ತದೆ.

ಮಗುವಿನ ಅರ್ಜಿಯನ್ನ ಅದು ಮಾಮೂಲಾಗಿ ಇರೋ ಊರಿನ ಕೋರ್ಟಿನಲ್ಲಿ ಹಾಕಬೇಕು. ನಮ್ಮ ಅಳಿಯ ಓದುತ್ತಿದ್ದದ್ದು ಮೈಸೂರಲ್ಲಿ. ಹಾಗಾಗಿ ಡಿವೋರ್ಸ್ ಕೇಸು ಮಂಡ್ಯದಲ್ಲಿ, ಇವನದು ಮೈಸೂರಲ್ಲಿ. ಮೇಲೆ ಹೇಳಿದ ಹಟದ ಫಲ. ಸ್ಕೂಲಿಂದ ಮಗುವನ್ನ ಸದ್ದಿಲ್ಲದೆ ಎತ್ತಿಕೊಂಡು ಹೋಗೋದು, ಟಿ.ಸಿ. ತೆಗೆಸಿ ಬೇರೆ ಊರಿಗೆ ಸೇರಿಸೋದು ಮಾಡಬೇಡಿ. ಅದನ್ನ ಯಾವ ಜಡ್ಜೂ ಮೆಚ್ಚಲ್ಲ.

ಮಗು ಒಬ್ಬರ ಹತ್ತಿರ ಇದ್ದರೆ ಇನ್ನೊಬ್ಬರಿಗೆ ಭೇಟಿ ಹಕ್ಕು. ಇದನ್ನ ಬರೆಸುವಾಗ ಜಿಪುಣತನ ಬೇಡ, ಪುಟ ಎರಡಾದರೂ ಪರವಾಗಿಲ್ಲ. ನಾವು ಬರೆಸಿದ್ದು ‘ರಜಾ ದಿನಗಳಲ್ಲಿ ತಂದೆ ಕರೆದುಕೊಂಡು ಹೋಗಬಹುದು’ ಅಂತ ಒಂದು ಸಾಲು. ದಸರಾ ರಜೆ ಬಂತು. ಭಾವ ಇಡೀ ರಜೆ ನನ್ನದು ಅಂದರು, ಅಕ್ಕ ಜಂಬೂ ಸವಾರಿ ದಿನ ಹುಡುಗ ಮೈಸೂರಲ್ಲೇ ಇರಬೇಕು ಅಂದಳು. ಅದು ಮುಗೀತು ಅನ್ನೋವಷ್ಟರಲ್ಲಿ ಅವರ ಊರ ಮ‌ಾರಮ್ಮನ ಹಬ್ಬ, ಅದು ಸ್ಕೂಲ್ ಇರೋ ದಿನ, ಅಜ್ಜಿ ಫೋನಲ್ಲಿ ಅಳು. ಹುಡುಗ ನನ್ನ ಹತ್ತಿರ ಬಂದು ‘ಮಾವ, ನಾನು ಯಾರಿಗೆ ಹೂಂ ಅನ್ನಲಿ?’ ಅಂದ. ಮತ್ತೆ ಕೋರ್ಟಿಗೆ ಹೋಗಿ ಬರೆಸಿದೆವು: ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಮೊದಲ ಅರ್ಧ ಒಂದು ವರ್ಷ ಇವರಿಗೆ, ಮುಂದಿನ ವರ್ಷ ಅವರಿಗೆ, ಊರಹಬ್ಬಕ್ಕೆ ಒಂದು ದಿನ, ರಾತ್ರಿ 8ಕ್ಕೆ ವಿಡಿಯೋ ಕಾಲ್, ಕರೆದುಕೊಂಡು ಹೋಗೋದು ಬಿಡೋದು ಯಾರು, ಎಲ್ಲಿ, ತಡವಾದರೆ ಏನು. ಸ್ಕೂಲ್ ಮೀಟಿಂಗಿಗೆ ಇಬ್ಬರೂ ಬರಬಹುದಾ, ಪಾಸ್‌ಪೋರ್ಟಿಗೆ ಸಹಿ ಯಾರು, ಆಪರೇಷನ್ ಅಂತ ಬಂದರೆ ಯಾರ ತೀರ್ಮಾನ, ಇದನ್ನೂ ಸೇರಿಸಿ.

ಕಸ್ಟಡಿ ಆದೇಶ ಶಿಲಾಶಾಸನ ಅಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು. ತಾಯಿ ಮರುಮದುವೆ ಆದ ಮಾತ್ರಕ್ಕೆ ಮಗು ತಾನಾಗೇ ಅಪ್ಪನ ಹತ್ತಿರ ಹೋಗಲ್ಲ. ‘ಮಗು ನನಗೆ ಬಿಡು, ನಿನ್ನ ಹತ್ತಿರ ಏನೂ ಕೇಳಲ್ಲ’ ಅಂತ ಬರೆದುಕೊಡೋ ತಾಯಂದಿರು ಬಹಳ. ತನ್ನ ಜೀವನಾಂಶ ಬಿಡೋದು ಅವಳಿಷ್ಟ, ಮಗುವಿನ ಹಕ್ಕನ್ನ ಬಿಟ್ಟುಕೊಡೋಕೆ ಅವಳಿಗೆ ಬರಲ್ಲ. ಹಾಗೇ ದುಡ್ಡು ಬಾಕಿ ಇದೆ ಅಂತ ಭೇಟಿ ತಪ್ಪಿಸೋದು, ಭೇಟಿ ಕೊಡಲಿಲ್ಲ ಅಂತ ದುಡ್ಡು ನಿಲ್ಲಿಸೋದು ಎರಡೂ ತಪ್ಪು. ಎರಡಕ್ಕೂ ಬೇರೆ ಬೇರೆ ಅರ್ಜಿ.

ವಕೀಲರು, ಖರ್ಚು

ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ 1987ರ ಕಾಯ್ದೆ ಪ್ರಕಾರ ವಕೀಲರು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಒಂದು ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಖಾಸಗಿ ವಕೀಲರನ್ನ ಇಟ್ಟರೆ ಫೀಸು ಪೂರ್ತಿ ಕೇಸಿಗೋ, ಡೇಟಿಗೋ ಅಂತ ಮೊದಲೇ ಬರೆಸಿಕೊಳ್ಳಿ. ‘ಒಟ್ಟಿಗೆ ಐದು ಕೇಸ್ ಜಡಿಯೋಣ, ತಾನಾಗೇ ದಾರಿಗೆ ಬರ್ತಾನೆ’ ಅನ್ನೋವರ ಹತ್ತಿರ ಹೋಗಬೇಡಿ, ಐದು ಕೇಸಿಗೂ ಡೇಟು ಬರೋದು ನಿಮಗೇ. ಕೇಸಿನ ಸಿ.ಎನ್.ಆರ್. ನಂಬರ್, ಅಂದರೆ ಕೋರ್ಟು ಕೇಸಿಗೆ ಕೊಡೋ ಗುರುತಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ಡೇಟು ನಿಮಗೇ ಕಾಣುತ್ತದೆ. ನಾಲ್ಕು ಜನರ ಎದುರು ಮನೆ ವಿಷಯ ಹೇಳೋಕೆ ಮುಜುಗರ ಇದ್ದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಬಾಗಿಲು ಹಾಕಿ ವಿಚಾರಣೆ ಮಾಡಿ ಅಂತ ಕೇಳಬಹುದು.

ಡಿಕ್ರಿ ಆದ ಮೇಲೆ

ದೃಢೀಕೃತ ನಕಲು ಮೂರು ನಾಲ್ಕು ತೆಗೆಸಿ. ಅಪೀಲಿನ ಅವಧಿ ಮುಗಿಯೋವರೆಗೆ ಮರುಮದುವೆ ಬೇಡ, ಅಪೀಲು ಬಿದ್ದಿಲ್ಲ ಅಂತ ವಕೀಲರಿಂದ ಖಚಿತ ಮಾಡಿಕೊಳ್ಳಿ. ಬ್ಯಾಂಕು, ಪಿ.ಎಫ್., ಎಲ್.ಐ.ಸಿ., ಎಲ್ಲದರಲ್ಲೂ ನಾಮಿನಿ ಹೆಸರು ಬದಲಾಯಿಸಿ, ಡಿವೋರ್ಸ್ ಆದರೆ ಅದು ತಾನಾಗೇ ಬದಲಾಗಲ್ಲ. ವಿಲ್ ಬರೆದಿದ್ದರೆ ಅದೂ ಅಷ್ಟೇ. ರೇಷನ್ ಕಾರ್ಡ್ ಬೇರೆ ಮಾಡಿಸಿ. 2023ರ ಆಗಸ್ಟಿನಲ್ಲಿ ನಮ್ಮ ಮೈಸೂರಲ್ಲೇ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಬರೋದು ಆ ಕಾರ್ಡಿನಲ್ಲಿ ಮನೆಯೊಡತಿ ಯಾರು ಅನ್ನೋದರ ಮೇಲೆ. ಅಕ್ಕನ ಹೆಸರು ಇನ್ನೂ ಅತ್ತೆ ಮನೆ ಕಾರ್ಡಿನಲ್ಲೇ ಇತ್ತು, ಅದನ್ನ ತೆಗೆಸೋಕೆ ಆಹಾರ ಇಲಾಖೆಯಲ್ಲಿ ಡಿಕ್ರಿ ನಕಲು ಕೇಳಿದರು. ಅವಳು ಚೀಲದಿಂದ ಮೊದಲು ತೆಗೆದುಕೊಟ್ಟದ್ದು ಅರಳಿಕಟ್ಟೆಯ ಆ ಛಾಪಾ ಕಾಗದ. ‘ಇದಲ್ಲಮ್ಮ, ಕೋರ್ಟಿಂದು’ ಅಂದರು ಕೌಂಟರಿನವರು.